ಉಳ್ಳವರು ಕೌನ್ಸಿಲ್ ಮನೆ ಬಿಟ್ಟುಕೊಡಬೇಕೆ?

ಲಂಡನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಿದ್ದಾಗ ನನ್ನನ್ನು ಕಾಣಲು ಬಂದನು. ಕಾಫಿ ಕುಡಿಯುತ್ತ ಅದೂ ಇದೂ ಮಾತನಾಡಿದ ಮೇಲೆ ತನ್ನ ಮನಸ್ಸಿನಲ್ಲಿದ್ದ ಒಂದು ಕಹಿಯನ್ನು ಹೊರಗಿಟ್ಟನು. "ಮೇಷ್ಟ್ರೇ, ನಾವಿರುವ ಕಟ್ಟಡದಲ್ಲಿ ನಮ್ಮ ಎದುರು ಮನೆಯವರು ಕೌನ್ಸಿಲ್ಲಿನ ಬಾಡಿಗೆದಾರರು. ಗಂಡ ಬಸ್ ಚಾಲಕ, ಹೆಂಡತಿ ಆಸ್ಪತ್ರೆಯಲ್ಲಿ ಗುಮಾಸ್ತೆ. ಕಾರಿದೆ, ವರ್ಷಕ್ಕೊಮ್ಮೆ ಸ್ಪೇನ್ ಪ್ರವಾಸವೂ ಇದೆ. ಅವರದೂ ನಮ್ಮದೂ ಒಂದೇ ಅಳತೆಯ ಮನೆ. ಆದರೆ ನಾನು ತೆರುವ ಬಾಡಿಗೆ ಅವರದರ ಎರಡರಷ್ಟಕ್ಕಿಂತ ಹೆಚ್ಚು. ಬಡವರಿಗೆಂದು ಕಟ್ಟಿದ ಮನೆಯಲ್ಲಿ ಅನುಕೂಲಸ್ಥರು ಕುಳಿತಿರುವುದು ನ್ಯಾಯವೇ?" ಎಂದು ಕೇಳಿದನು.

ಒಡನೆ ಉತ್ತರಿಸಲು ನನ್ನಿಂದಾಗಲಿಲ್ಲ. ಆತನು ಹೋದ ಮೇಲೆ ಈ ವಿಷಯವನ್ನು ಕುರಿತು ಓದಿದೆ, ಯೋಚಿಸಿದೆ. ಅದರ ಫಲವೇ ಈ ಬರಹ.

ಮೊದಲಿಗೆ ನಮ್ಮವರಿಗೆ ಒಂದು ವಿವರಣೆ ಅಗತ್ಯ. ಬ್ರಿಟನ್ನಿನ ಕೌನ್ಸಿಲ್ ಮನೆ ಎಂಬುದು ನಮ್ಮ ಸರಕಾರಿ ಕ್ವಾರ್ಟರ್ಸಿನಂತೆ ನೌಕರಿಯೊಡನೆ ಬಂದು ನಿವೃತ್ತಿಯೊಡನೆ ಹೋಗುವ ಮನೆಯಲ್ಲ. ನಮ್ಮ ಆಶ್ರಯ ಮನೆಯಂತೆ ಫಲಾನುಭವಿಯ ಸ್ವಂತಕ್ಕೆ ಸೇರುವ ಮನೆಯೂ ಅಲ್ಲ. ಅದು ಸ್ಥಳೀಯ ಸಂಸ್ಥೆಯ ಒಡೆತನದಲ್ಲಿದ್ದು, ಮಾರುಕಟ್ಟೆಯ ದರಕ್ಕಿಂತ ಕಡಿಮೆ ಬಾಡಿಗೆಗೆ ಜನರಿಗೆ ದೊರೆಯುವ ಮನೆ. ಲಂಡನ್ನಿನ ಷೋರ್‌ಡಿಚ್ ಬಡಾವಣೆಯಲ್ಲಿ ಕೊಳೆಗೇರಿಯೊಂದನ್ನು ಕೆಡವಿ ಕಟ್ಟಿದ ಬೌಂಡರಿ ಎಸ್ಟೇಟ್ 1900ರಲ್ಲಿ ಉದ್ಘಾಟನೆಗೊಂಡಿತು. ಇಂತಹ ಮನೆಗಳ ಮೊದಲ ದೊಡ್ಡ ಮಾದರಿ ಅದು. ಮೊದಲನೆಯ ಮಹಾಯುದ್ಧದ ನಂತರ, 1919ರ ಕಾಯಿದೆಯು ಇಂತಹ ಮನೆಗಳನ್ನು ಕಟ್ಟುವುದನ್ನು ಸ್ಥಳೀಯ ಸಂಸ್ಥೆಗಳ ಹೊಣೆಯನ್ನಾಗಿ ಮಾಡಿ, ಅದಕ್ಕೆ ಕೇಂದ್ರ ಸರಕಾರದ ಧನಸಹಾಯವನ್ನೂ ಒದಗಿಸಿತು.

ನನ್ನ ಶಿಷ್ಯನು "ಬಡವರಿಗೆಂದು ಕಟ್ಟಿದ ಮನೆ" ಎಂದನಲ್ಲವೆ? ಚರಿತ್ರೆಯನ್ನು ನೋಡಿದರೆ ಆ ಮಾತು ಪೂರ್ತಿ ನಿಜವಲ್ಲ. ಬೌಂಡರಿ ಎಸ್ಟೇಟಿನ ಬಾಡಿಗೆಯನ್ನು ತೆರಲಾಗದೆ, ಅಲ್ಲಿಂದ ಎಬ್ಬಿಸಲ್ಪಟ್ಟ ಕೊಳೆಗೇರಿಯ ಬಡವರಲ್ಲಿ ತೀರ ಕೆಲವರು ಮಾತ್ರ ಮರಳಿ ಬಂದರು. ಮಿಕ್ಕ ಮನೆಗಳು ಸ್ಥಿರ ಸಂಪಾದನೆಯುಳ್ಳ ಕೆಲಸಗಾರರಿಗೆ ಹೋದವು. ಎರಡನೆಯ ಮಹಾಯುದ್ಧದ ಬಳಿಕ ವಸತಿಯ ಹೊಣೆ ಹೊತ್ತ ಮಂತ್ರಿ ಅನೈರಿನ್ ಬೆವನ್, ಗಣಿಗಾರನ ಮಗ, ತಾನೂ ಎಳವೆಯಲ್ಲೇ ಗಣಿಗಿಳಿದವರು. ವೈದ್ಯ, ದಿನಸಿ ವ್ಯಾಪಾರಿ, ಕಟುಕ, ಹೊಲದ ಆಳು ಎಲ್ಲರೂ ಒಂದೇ ಬೀದಿಯಲ್ಲಿ ಬಾಳಬೇಕೆಂಬುದು ಅವರ ಆಶಯವಾಗಿತ್ತು. 1949ರ ವಸತಿ ಕಾಯಿದೆಯು, ಕೌನ್ಸಿಲ್ ಮನೆಗಳು ದುಡಿಯುವ ವರ್ಗದವರಿಗೆ ಮಾತ್ರವೆಂಬ ಹಳೆಯ ನಿರ್ಬಂಧವನ್ನು ತೆಗೆದುಹಾಕಿತು. ಅಂದರೆ ಈ ಮನೆಗಳನ್ನು ದಾನವೆಂದು ಭಾವಿಸದೆ, ಗ್ರಂಥಾಲಯದಂತೆ, ಶಾಲೆಯಂತೆ ಒಂದು ಸಾರ್ವಜನಿಕ ಸೌಕರ್ಯವೆಂದು ಭಾವಿಸಲಾಗಿತ್ತು.

ಇಷ್ಟಾದರೂ, ಶಿಷ್ಯನ ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಇಂಗ್ಲೆಂಡಿನಲ್ಲಿ 2024ರ ಹೊತ್ತಿಗೆ ಸುಮಾರು 13 ಲಕ್ಷ ಕುಟುಂಬಗಳು ಇಂತಹ ಮನೆಗಾಗಿ ಕಾಯುವ ಪಟ್ಟಿಯಲ್ಲಿದ್ದವು. ಅದೇ ವರ್ಷ 1 ಲಕ್ಷ 20 ಸಾವಿರಕ್ಕೂ ಹೆಚ್ಚು ನಿರ್ವಸಿತ ಕುಟುಂಬಗಳು ಕೌನ್ಸಿಲುಗಳು ಒದಗಿಸಿದ ತಾತ್ಕಾಲಿಕ ವಸತಿಗಳಲ್ಲಿದ್ದವು. ಅವುಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಕ್ಕಳಿದ್ದರು. ಒಂದೇ ಕೋಣೆಯಲ್ಲಿ ಉಂಡು, ಮಲಗಿ, ಅಲ್ಲಿಯೇ ಮನೆಪಾಠ ಬರೆದು, ವರ್ಷದ ನಡುವೆ ಶಾಲೆಯನ್ನೂ ಬದಲಿಸುವ ಮಗುವಿನ ಕಷ್ಟ ಎಂತಹದೆಂಬುದು ಮೇಷ್ಟ್ರಾಗಿದ್ದವನಿಗೆ ತಿಳಿಯದ ಸಂಗತಿಯಲ್ಲ. ಹೀಗಿರುವಾಗ ಮನೆ ಕೊಳ್ಳುವ ಶಕ್ತಿಯುಳ್ಳವರು ಆ ಮಗುವಿಗೆ ಎಡೆಮಾಡಿಕೊಡಬಾರದೆ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಗೆ ಎದುರಾಗಿ ನಿಲ್ಲಲೇಬೇಕು. ರೈಲ್ವೆ ಕಾರ್ಮಿಕರ ನಾಯಕರಾಗಿದ್ದ ಬಾಬ್ ಕ್ರೋ ಅವರ ವರಮಾನವು ವರ್ಷಕ್ಕೆ ಒಂದು ಲಕ್ಷ ಪೌಂಡಿಗೂ ಮಿಗಿಲೆಂದೂ, ಆದರೂ ಅವರು ಅಗ್ಗದ ಬಾಡಿಗೆಯ ಸಾರ್ವಜನಿಕ ಮನೆಯಲ್ಲಿದ್ದಾರೆಂದೂ ಅಲ್ಲಿನ ಪತ್ರಿಕೆಗಳು ಟೀಕಿಸಿದ್ದುಂಟು. 2014ರಲ್ಲಿ ನಿಧನರಾಗುವವರೆಗೂ ಅವರು ತಮ್ಮ ನಿಲುವನ್ನು ಬಿಡಲಿಲ್ಲ.

ಆದರೆ ಒಬ್ಬ ನಾಯಕರ ಉದಾಹರಣೆಯನ್ನು ಮುಂದಿಟ್ಟು ಮಾಡಿದ ಕಾನೂನು ಯಾರ ಕೊರಳಿಗೆ ಬಿತ್ತು ಎಂಬುದನ್ನು ಗಮನಿಸಬೇಕು. ಅನುಕೂಲಸ್ಥ ಬಾಡಿಗೆದಾರರು ಮಾರುಕಟ್ಟೆಯ ದರ ಕೊಟ್ಟು ಇರಲಿ ಎಂಬ ಪ್ರಸ್ತಾಪ 2012ರಲ್ಲಿ ಬಂದಾಗ ಚರ್ಚೆಯಲ್ಲಿದ್ದ ಆದಾಯದ ಗೆರೆ 60 ಸಾವಿರದಿಂದ ಒಂದು ಲಕ್ಷ ಪೌಂಡಿನವರೆಗೆ ಇತ್ತು. 2016ರ ವಸತಿ ಮತ್ತು ಯೋಜನಾ ಕಾಯಿದೆಯ ಹೊತ್ತಿಗೆ ಸರಕಾರವು ಆ ಗೆರೆಯನ್ನು ಲಂಡನ್ನಿನಲ್ಲಿ 40 ಸಾವಿರಕ್ಕೆ, ಇಂಗ್ಲೆಂಡಿನ ಉಳಿದೆಡೆ 31 ಸಾವಿರಕ್ಕೆ ಇಳಿಸಿತ್ತು. ಅದೂ ಒಬ್ಬರ ಸಂಬಳವಲ್ಲ, ಮನೆಯ ಗಳಿಕೆ. ಲೆಕ್ಕ ಹಾಕಿ ನೋಡೋಣ. ಆ ವರ್ಷ ಅಲ್ಲಿ 25 ವರ್ಷ ದಾಟಿದವರ ಕನಿಷ್ಠ ಕೂಲಿ ಗಂಟೆಗೆ 7 ಪೌಂಡ್ 20 ಪೆನ್ಸ್. ವಾರಕ್ಕೆ ಮೂವತ್ತೇಳೂವರೆ ಗಂಟೆ, ವರ್ಷಕ್ಕೆ 52 ವಾರ ದುಡಿದರೆ ಒಬ್ಬರಿಗೆ 14,040 ಪೌಂಡ್. ಗಂಡ ಹೆಂಡಿರಿಬ್ಬರೂ ದುಡಿದರೆ 28,080. ಅಂದರೆ ಕನಿಷ್ಠ ಕೂಲಿಗಿಂತ ತುಸು ಹೆಚ್ಚು ಗಳಿಸುವ ದಂಪತಿಗಳನ್ನು ಸರಕಾರವು ಸಿರಿವಂತರ ಸಾಲಿಗೆ ಸೇರಿಸಹೊರಟಿತ್ತು! ಗೆರೆ ದಾಟಿದ ಪ್ರತಿ ಪೌಂಡಿಗೆ 15 ಪೆನ್ಸ್ ಹೆಚ್ಚಿನ ಬಾಡಿಗೆ ಎಂಬುದು ಯೋಜನೆ. ಹೆಚ್ಚು ಹೊತ್ತು ದುಡಿದವನಿಗೆ, ಬಡ್ತಿ ಪಡೆದವನಿಗೆ ಇದು ದಂಡವಲ್ಲದೆ ಮತ್ತೇನು? ಕಡೆಗೆ 2016ರ ನವೆಂಬರಿನಲ್ಲಿ ಸರಕಾರವೇ ಇದನ್ನು ಕಡ್ಡಾಯಗೊಳಿಸುವ ಆಲೋಚನೆಯನ್ನು ಕೈಬಿಟ್ಟಿತು.

"ನನ್ನ ತೆರಿಗೆಯಿಂದ ಅವರ ಬಾಡಿಗೆ ನಡೆಯುತ್ತಿದೆ" ಎಂಬ ಮಾತೂ ಆಗಾಗ ಕೇಳಿಬರುತ್ತದೆ. ವಾಸ್ತವವಾಗಿ ಇಂಗ್ಲೆಂಡಿನ ಕೌನ್ಸಿಲುಗಳು ತಮ್ಮ ಮನೆಗಳ ಲೆಕ್ಕವನ್ನು ಪ್ರತ್ಯೇಕ ಖಾತೆಯಲ್ಲಿ ಇಡತಕ್ಕದ್ದು. 2012ರಿಂದೀಚೆಗೆ ಬಾಡಿಗೆಯ ಆದಾಯದಿಂದಲೇ ದುರಸ್ತಿ, ನಿರ್ವಹಣೆ, ಹಳೆಯ ಸಾಲದ ಬಡ್ಡಿ ಎಲ್ಲವೂ ಸಾಗಬೇಕೆಂಬುದು ಅಲ್ಲಿನ ಏರ್ಪಾಡು. ಕೌನ್ಸಿಲಿಗೆ ಮಾರುಕಟ್ಟೆಯ ಬಾಡಿಗೆ ಸಿಗದೆ ಹೋಗುವುದು ನಿಜ. ಆದರೆ ಆ ಬಸ್ ಚಾಲಕನು ತಿಂಗಳು ತಿಂಗಳು ತಪ್ಪದೆ ಸಲ್ಲಿಸುವ ಬಾಡಿಗೆಯೂ ಆ ಖಾತೆಯನ್ನು ನಿಲ್ಲಿಸಿರುವ ಕಂಬಗಳಲ್ಲಿ ಒಂದು.

ಹಾಗಾದರೆ ಮನೆಗಳೆಲ್ಲ ಹೋದದ್ದೆಲ್ಲಿಗೆ? 1950ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳು ವರ್ಷಕ್ಕೆ ಎರಡು ಲಕ್ಷದಷ್ಟು ಮನೆಗಳನ್ನು ಕಟ್ಟುತ್ತಿದ್ದವು. 1990ರ ದಶಕದ ಕೊನೆಗೆ ಆ ಸಂಖ್ಯೆ ಕೆಲವೇ ನೂರಕ್ಕೆ ಕುಸಿದಿತ್ತು. ನಡುವೆ ಮಾರ್ಗರೆಟ್ ಥ್ಯಾಚರ್ ಅವರ ಸರಕಾರದ 1980ರ ಕಾಯಿದೆ ಬಂದಿತು. ಮೂರು ವರ್ಷ ಬಾಡಿಗೆಗಿದ್ದವನು ತನ್ನ ಮನೆಯನ್ನು ಮೂರನೆಯ ಒಂದು ಭಾಗದ ರಿಯಾಯಿತಿಯಲ್ಲಿ ಕೊಳ್ಳಬಹುದಾಗಿತ್ತು. ಇಪ್ಪತ್ತು ವರ್ಷ ಇದ್ದವನಿಗೆ ಅರ್ಧ ಬೆಲೆ. ಇಂಗ್ಲೆಂಡೊಂದರಲ್ಲೇ ಹೀಗೆ ಸುಮಾರು 20 ಲಕ್ಷ ಮನೆಗಳು ಕೈಬಿಟ್ಟುಹೋದವು. ಬಂದ ಹಣದಿಂದ ಹೊಸ ಮನೆ ಕಟ್ಟಲು ಕೌನ್ಸಿಲುಗಳಿಗೆ ಬಹುಕಾಲ ಬಿಗಿಯಾದ ಅಡ್ಡಿಗಳಿದ್ದವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ನಮ್ಮ ಹಿರಿಯರು. ಕಟ್ಟುವ ಕಷ್ಟವನ್ನು ಹಿಂದಿನವರು ಪಟ್ಟರು. ಮಾರುವ ಸುಲಭವನ್ನು ಮುಂದಿನವರು ಕಂಡುಕೊಂಡರು.

ಇಲ್ಲಿ ಶಿಷ್ಯನಿಗೆ ನಾನು ಕೇಳಬೇಕೆನಿಸಿದ ಪ್ರಶ್ನೆಯೊಂದಿದೆ. ಅದೇ ಕಟ್ಟಡದಲ್ಲಿರುವ ನಿನ್ನ ಮನೆ ಯಾರದು? ಆತನನ್ನು ಫೋನಿನಲ್ಲಿ ವಿಚಾರಿಸಿದಾಗ, ಅದೂ ಒಂದು ಕಾಲದ ಕೌನ್ಸಿಲ್ ಮನೆಯೇ ಎಂದು ಗೊತ್ತಾಯಿತು. ಯಾರೋ ರಿಯಾಯಿತಿಯಲ್ಲಿ ಕೊಂಡರು, ಇನ್ನಾರಿಗೋ ಮಾರಿದರು, ಈಗಿನ ಮಾಲೀಕರು ಅದನ್ನು ಮಾರುಕಟ್ಟೆಯ ದರದಲ್ಲಿ ಈತನಿಗೆ ಕೊಟ್ಟಿದ್ದಾರೆ. ಲಂಡನ್ನಿನಲ್ಲಿ ಇದು ಅಪರೂಪದ ಕಥೆಯಲ್ಲ. ತಾವೇ ಮಾರಿದ ಮನೆಗಳನ್ನು ನಿರ್ವಸಿತರಿಗಾಗಿ ಕೌನ್ಸಿಲುಗಳೇ ದುಬಾರಿ ಬಾಡಿಗೆಗೆ ಹಿಡಿದದ್ದೂ ಉಂಟು. ಎದುರು ಮನೆಯವನು ಕೊಡುತ್ತಿರುವುದು ಕಡಿಮೆಯೆಂದು ನನ್ನ ಶಿಷ್ಯನು ಸಿಡುಕುತ್ತಾನೆ. ತಾನು ಕೊಡುತ್ತಿರುವುದು ಏಕೆ ಇಷ್ಟು ಹೆಚ್ಚು ಎಂದು ಕೇಳುವುದನ್ನು ಮರೆತಿದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ನೆನಪಾಗುವುದು ಇಂತಹಲ್ಲಿಯೇ.

ಇನ್ನೊಂದು ಕಾರಣವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಶಾಲೆಯಲ್ಲಿ ಕಲಿತದ್ದು. ನಾನು ಕೆಲಸಕ್ಕೆ ಸೇರಿದಾಗ ಊರಿನ ಜಮೀನುದಾರರ ಮಗನೂ ಅವರ ಹೊಲದಲ್ಲಿ ದುಡಿಯುವವನ ಮಗನೂ ಒಂದೇ ಹಲಗೆಯ ಮೇಲೆ ಕುಳಿತಿದ್ದರು. ಹಂಚು ಒಡೆದು ಮಳೆ ಸೋರಿದರೆ ಜಮೀನುದಾರರು ನೆಟ್ಟಗೆ ಬ್ಲಾಕ್ ಕಚೇರಿಗೆ ಹೋಗಿ ಗದರಿ ಬರುತ್ತಿದ್ದರು. ವಾರದೊಳಗೆ ಹಂಚು ಬರುತ್ತಿತ್ತು. ಮುಂದೆ ಅಂತಹವರ ಮಕ್ಕಳೆಲ್ಲ ಪಟ್ಟಣದ ಕಾನ್ವೆಂಟಿನ ಬಸ್ಸು ಹತ್ತಿದರು. ನನ್ನ ಕಡೆಯ ವರ್ಷಗಳಲ್ಲಿ ಚಾವಣಿ ಸೋರಿದಾಗ ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಉಳಿದಿದ್ದ ತಂದೆತಾಯಿಗಳು ಕೂಲಿ ಬಿಟ್ಟು ಕಚೇರಿಗೆ ಅಲೆಯುವ ಸ್ಥಿತಿಯಲ್ಲಿರಲಿಲ್ಲ. ಮಾತನಾಡಬಲ್ಲವರು ಬಿಟ್ಟುಹೋದ ಶಾಲೆಗೆ ದನಿಯಿರುವುದಿಲ್ಲ. ಬಡಾವಣೆಯ ಪಾಡೂ ಅದೇ. ಬ್ರಿಟನ್ನಿನಲ್ಲಿ 1979ರ ಸುಮಾರಿಗೆ ಮೂರರಲ್ಲಿ ಒಂದು ಕುಟುಂಬ ಕೌನ್ಸಿಲ್ ಮನೆಯಲ್ಲಿದ್ದಾಗ ಅಲ್ಲಿ ವಾಸಿಸುವುದು ನಾಚಿಕೆಯ ವಿಷಯವಾಗಿರಲಿಲ್ಲ. ಉಳ್ಳವರು ಕೊಂಡುಕೊಂಡು ಹೊರಟ ಮೇಲೆ, ತೀರ ನಿರ್ಗತಿಕರಿಗೆ ಮಾತ್ರ ಮನೆ ಎಂದಾದ ಮೇಲೆ, ಆ ವಿಳಾಸವೇ ಒಂದು ಕಳಂಕವಾಯಿತು.

ಇದಕ್ಕೆ ಬೇರೆ ದಾರಿಯುಂಟೆ ಎಂದರೆ ಆಸ್ಟ್ರಿಯದ ವಿಯೆನ್ನಾ ನಗರವನ್ನು ನೋಡಬಹುದು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಭವ್ಯ ಕಟ್ಟಡವೂ ಸೇರಿದಂತೆ ಅಲ್ಲಿನ ನಗರಾಡಳಿತದ ಒಡೆತನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬಾಡಿಗೆ ಮನೆಗಳಿವೆ. ಮನೆ ಪಡೆಯುವಾಗ ಆದಾಯವನ್ನು ನೋಡುತ್ತಾರೆ. ಆ ಮಿತಿಯೂ ಉದಾರವಾದುದು. ಅನಂತರ ಆದಾಯ ಏರಿತೆಂದು ಯಾರನ್ನೂ ಎಬ್ಬಿಸುವುದಿಲ್ಲ. ಅಲ್ಲಿನವರು ಮನೆಗಳನ್ನು ಮಾರಿಕೊಳ್ಳದೆ ಉಳಿಸಿಕೊಂಡರು, ಇದೇ ಮುಖ್ಯವಾದ ವ್ಯತ್ಯಾಸ.

ಹಾಗೆಂದು ಮಿತಿಯೇ ಬೇಡವೆಂದು ನನ್ನ ವಾದವಲ್ಲ. ಬೇರೆಡೆ ಸ್ವಂತ ಮನೆಯಿಟ್ಟುಕೊಂಡು ಅದರ ಬಾಡಿಗೆ ಎಣಿಸುತ್ತ ಇಲ್ಲಿ ಕುಳಿತಿರುವವರು ಎದ್ದು ಹೋಗಲಿ. ಕೌನ್ಸಿಲ್ ಮನೆಯನ್ನು ಕಳ್ಳತನದಿಂದ ಒಳಬಾಡಿಗೆಗೆ ಕೊಡುವುದು 2013ರಿಂದ ಅಲ್ಲಿ ಅಪರಾಧ. ಅದು ಸರಿಯಾದ ಕಾನೂನು. ಬಾಬ್ ಕ್ರೋ ಅವರಂತೆ ನಿಜಕ್ಕೂ ದೊಡ್ಡ ವರಮಾನವುಳ್ಳವರು ಹೆಚ್ಚಿನ ಬಾಡಿಗೆ ಕೊಟ್ಟು ಇರಲಿ. ಆ ಹಣ ಹೊಸ ಮನೆ ಕಟ್ಟುವುದಕ್ಕೇ ಸಲ್ಲಲಿ. ಆದರೆ ಬಡ್ತಿ ಬಂದಿತೆಂದು, ಮಗಳಿಗೆ ಕೆಲಸ ಸಿಕ್ಕಿತೆಂದು, ಇಪ್ಪತ್ತು ವರ್ಷ ಬಾಳಿದ ಮನೆಯಿಂದ ಒಂದು ಕುಟುಂಬವನ್ನು ಎಬ್ಬಿಸಬಾರದು. ಹಾಗೆ ಎಬ್ಬಿಸಿದರೆ ಪಟ್ಟಿಯಲ್ಲಿರುವ ಒಂದು ಕುಟುಂಬಕ್ಕೆ ಮನೆ ಸಿಗುವುದೇನೋ ನಿಜ. ಆದರೆ ಬಡತನ ನೀಗಿದ ಕೂಡಲೇ ನೆಲೆ ತಪ್ಪುತ್ತದೆಂಬ ಭಯವೂ ಅದರ ಜೊತೆಗೆ ಸಿಗುತ್ತದೆ. ಪಟ್ಟಿಯನ್ನು ಕರಗಿಸುವ ಉಪಾಯ ಒಂದೇ: ಮತ್ತೆ ಕಟ್ಟುವುದು, ಕಟ್ಟಿದ್ದನ್ನು ಮಾರದಿರುವುದು. ಕೊಳ್ಳುವ ಹಕ್ಕನ್ನು ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ರದ್ದುಪಡಿಸಿದವು. ಇಂಗ್ಲೆಂಡು ರಿಯಾಯಿತಿಯನ್ನು 2024ರ ನವೆಂಬರಿನಲ್ಲಿ ಬಹಳಷ್ಟು ತಗ್ಗಿಸಿತು.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಅನಂತರ, "ನಿಜ ಹೇಳಬೇಕೆಂದರೆ ಮೇಷ್ಟ್ರೇ, ಹೋದ ಚಳಿಗಾಲದಲ್ಲಿ ಲಿಫ್ಟು ಕೆಟ್ಟು ಮೂರು ವಾರವಾದರೂ ಯಾರೂ ಬರಲಿಲ್ಲ. ಎದುರು ಮನೆಯಾಕೆಯೇ ಎಲ್ಲರ ಸಹಿ ಹಾಕಿಸಿ ಕೌನ್ಸಿಲಿಗೆ ಪತ್ರ ಬರೆದದ್ದು. ಮೇಲಿನ ಅಂತಸ್ತಿನ ಮುದುಕಿಗೆ ಆ ಮೂರು ವಾರವೂ ಹಾಲು ತಂದುಕೊಟ್ಟವರು ಅವರೇ" ಎಂದನು.

ಅಂತಹ ನೆರೆಯವರನ್ನು ಆ ಕಟ್ಟಡ ಕಳೆದುಕೊಳ್ಳದಿರಲಿ ಎಂದೇ ನನ್ನ ಅಭಿಪ್ರಾಯ. ನಿಮ್ಮಲ್ಲಿ ಹೊರನಾಡಿನಲ್ಲಿರುವವರು ನನಗಿಂತ ಹೆಚ್ಚು ಬಲ್ಲಿರಿ. ನಾನು ತಪ್ಪಿದ್ದರೆ ತಿದ್ದಿರಿ.