ಕ್ಯಾಮೆರಾ ಚೀಲ ಆರಿಸೋ ಮುಂದ ಟೊಂಕದ ಮಾತು ಕೇಳ್ರಿ

ಅಕ್ಕಾರ, ವೈನ್ಯಾರ, ಇವತ್ತು ಬರಿಯಾಕತ್ತಿದ್ದು ಕ್ಯಾಮೆರಾ ಹೊರೋ ಚೀಲದ ಬಗ್ಗೆ. "ಅದು ಗಂಡಸರ ಬಾಬತ್ತು, ನಮಗ್ಯಾಕ" ಅನಬ್ಯಾಡ್ರಿ. ಅರಿಶಿಣ ಹಚ್ಚೋ ಮುಂದ, ಕುಬಸದ ಕಾರ್ಯದಾಗ, ಮದುಮಗಳ ಖೋಲಿಯೊಳಗ ಫೋಟೋ ತೆಗಿಯಾಕ ಹೆಣ್ಣುಹುಡುಗಿ ಬಂದ್ರ ಚಲೋ ಅಂತ ನಾವೇ ಅಂತೀವಿ. ಹಂಗ ಬರೋ ಹುಡುಗಿ ಯಾರದೋ ಮನಿ ಮಗಳು. ಆಕಿಗೆ ಕ್ಯಾಮೆರಾ ಕೊಡ್ಸಾಕ ಬಂಗಾರ ಅಡ ಇಡೋ ಮನಿಯವರು, ಚೀಲಕ್ಕ ಮೂರು ಸಾವಿರ ಅಂದ ಕೂಡ್ಲೆ "ಬರೇ ಚೀಲಕ್ಕ ಇಷ್ಟ್ಯಾಕ" ಅಂತ ಮೂಗು ಮುರಿತಾರ. ನನಗ ಇದು ಸರಿ ಅನ್ಸೋದಿಲ್ಲ. ಚೀಲ ಕ್ಯಾಮೆರಾಕ್ಕ ಹೊಂದಿದ್ರ ಸಾಲೋದಿಲ್ಲ, ಹೊರೋ ಹುಡುಗಿಯ ಮೈಗೆ ಹೊಂದಬೇಕು.

ಮೊದಲ ಭಾರ ಲೆಕ್ಕ ಹಾಕ್ರಿ. ಲಗ್ನದ ಕೆಲಸದ ದೊಡ್ಡ ಕ್ಯಾಮೆರಾ ಮುಕ್ಕಾಲು ಕಿಲೋದ ಮ್ಯಾಲ ತೂಗತೈತಿ. ದೂರದ್ದು ಹತ್ರ ತೋರ್ಸೋ ದೊಡ್ಡ ಲೆನ್ಸ್ ಒಂದೂವರೆ ಕಿಲೋ ತನಕ ಇರತೈತಿ. ಇನ್ನೊಂದು ಲೆನ್ಸ್, ಫ್ಲಾಶು, ಬ್ಯಾಟರಿ, ಚಾರ್ಜರ್ ಸೇರಿದ್ರ ನಾಲ್ಕು ಕಿಲೋ. ಒಳಗ ದಪ್ಪ ಫೋಮ್ ಇರೋ ಚೀಲದ್ದೇ ಒಂದೂವರೆ ಕಿಲೋ. ಸಾಲಿ ಮಕ್ಕಳ ಚೀಲ ಅವರ ತೂಕದ ಹತ್ತರಾಗ ಒಂದು ಪಾಲು ಮೀರಬಾರದು ಅಂತ 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಹೇಳತೈತಿ. ಐವತ್ತು ಕಿಲೋ ಇರೋ ಹುಡುಗಿಗೆ ಅದೇ ಲೆಕ್ಕ ಹಿಡಿದ್ರೂ ಐದು ಕಿಲೋ. ಈಕಿ ಅದಕ್ಕಿಂತ ಹೆಚ್ಚು ಹೊತ್ತು ಮುಂಜಾನಿಯಿಂದ ರಾತ್ರಿ ತನಕ ನಿಂತಿರ್ತಾಳ. ನನ್ನ ತಂಗಿ ಮಗಳು ಒಂದು ಹೆಗಲಿನ ಚೀಲ ಹೊತ್ತು ಎರಡು ಲಗ್ನ ಮುಗಿಸಿ ಬಂದಾಗ, ತೆಲಿ ಬಾಚ್ಕೊಳ್ಳಾಕ ಕೈ ಎತ್ತಾಕ ಆಗಲಿಲ್ಲ. ಇಪ್ಪತ್ತೆರಡರ ವಯಸ್ಸಿನಾಗ ಹೆಗಲು ಹೋದ್ರ ಕಲಿತ ಕೆಲಸ ಬಿಟ್ಟು ಮನ್ಯಾಗ ಕೂಡಬೇಕಾಗತೈತಿ.

ಇನ್ನ ಆರಿಸೋದು ಹೆಂಗ? ಹೊಳಿಯಿಂದ ನೀರು ತಂದ ಹೆಣ್ಮಕ್ಕಳಿಗೆ ಇದು ಗೊತ್ತಿದ್ದದ್ದೇ. ತುಂಬಿದ ಕೊಡ ಕೈಯಾಗ ಜೋತಾಡಿಸಿಕೊಂಡು ಯಾರೂ ಬರೋದಿಲ್ಲ. ತೆಲಿ ಮ್ಯಾಲ ಸಿಂಬಿ ಇಟ್ಟು ಹೊರತೀವಿ, ಇಲ್ಲಾ ಟೊಂಕದ ಎಲುಬಿನ ಮ್ಯಾಲ ಕೂಡಿಸ್ತೀವಿ. ಕೂಸಿನ್ನೂ ಅಲ್ಲೇ ಎತ್ಕೋತೀವಿ. ಭಾರ ಮೈಗೆ ಅಂಟಿದ್ರ ಹಗುರ, ದೂರ ಜೋತುಬಿದ್ರ ಭಾರ. ಕ್ಯಾಮೆರಾ ಚೀಲಕ್ಕೂ ಇದೇ ನಿಯಮ.

ಒಂದು ಕ್ಯಾಮೆರಾ, ಒಂದು ಸಣ್ಣ ಲೆನ್ಸ್ ಅಷ್ಟೇ ಇದ್ರ ಬಗಲ ಚೀಲ ಸಾಕು. ಅದನ್ನ ಎದಿ ಮ್ಯಾಲಿಂದ ಅಡ್ಡ ಹಾಕ್ಕೋಬೇಕು, ಆಗಾಗ ಹೆಗಲು ಬದಲಿಸ್ಬೇಕು. ಎರಡು ಕಿಲೋ ದಾಟಿತು ಅಂದ್ರ ಬೆನ್ನ ಚೀಲನೇ ಬೇಕು, ಅದಕ್ಕ ಟೊಂಕದ ಪಟ್ಟಿ ಇರಲೇಬೇಕು. ಆ ಪಟ್ಟಿ ಹೊಟ್ಟಿ ಮ್ಯಾಲಲ್ಲ, ಕೊಡ ಇಟ್ಕೊಳ್ಳೋ ಎಲುಬಿನ ಮ್ಯಾಲ ಕೂಡಬೇಕು. ಆಗ ಹೆಗಲಿನ ಭಾರ ಟೊಂಕಕ್ಕ ಇಳಿತೈತಿ. ಹೆಗಲಿನ ಪಟ್ಟಿ ಅಗಲ ಇರಲಿ, ಕುತ್ತಿಗಿಗೆ ತಿಕ್ಕಬಾರದು. ಎದಿ ಪಟ್ಟಿ ಮ್ಯಾಲಕ್ಕ ಕೆಳಕ್ಕ ಸರಿಯೋ ಹಂಗ ಇರಬೇಕು. ಇಲ್ಲಾಂದ್ರ ಹೆಣ್ಮಕ್ಕಳಿಗೆ ಅದು ಒತ್ತತೈತಿ, ಸೆರಗು ಓಡ್ನಿ ಎಳಿತೈತಿ. ಬೆನ್ನಿಗೆ ಜಾಳಿಗಿ ಬಟ್ಟಿ ಇದ್ರ ಗಾಳಿ ಆಡತೈತಿ. ರಾಯಚೂರಿನ ಬ್ಯಾಸಗಿ ಕಂಡವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಭಾರದ ಲೆನ್ಸ್ ಬೆನ್ನಿಗೆ ಹತ್ತಿ ಇಡ್ರಿ, ಹಗುರಾದದ್ದು ಹೊರಗಿನ ಖಾನಿಗೆ.

ಬೆನ್ನ ಕಡೆ ಜಿಪ್ಪು ತೆರೆಯೋ ಚೀಲ ನನಗ ಹೆಚ್ಚು ಸೇರತೈತಿ. ಬಸ್ಸಿನ ನೂಕುನುಗ್ಗಲದಾಗ ಹಿಂದಿನವರ ಕೈ ಒಳಗ ಹೋಗೋದಿಲ್ಲ. ಶಕ್ತಿ ಯೋಜನೆ 2023ರ ಜೂನ್‌ದಾಗ ಬಂದ ಮ್ಯಾಲ ಹುಡುಗ್ಯಾರು ಬಸ್ಸಿನಾಗೇ ಕೆಲಸಕ್ಕ ಹೋಗ್ತಾರ, ನಿಂತು ಹೋಗೋದೇ ಹೆಚ್ಚು. ಚೀಲದ ಮ್ಯಾಲ ಕ್ಯಾಮೆರಾ ಕಂಪನಿ ಹೆಸರು ದೊಡ್ಡದಾಗಿ ಇರದಿದ್ರ ಇನ್ನೂ ಚಲೋ.

ಫೋನಿನ ಗೂಗಲ್ ನೂರು ಚೀಲ ತೋರಸತೈತಿ, ಆದ್ರ ಎಲ್ಲಾ ಚಿತ್ರದಾಗ ಚೀಲ ಖಾಲಿ. ಕೃಷ್ಣಾ ದಂಡಿಯ ನಮ್ಮ ಗೂಗಲ್‌ದಾಗ ಅಲ್ಲಮಪ್ರಭುವಿನ ಗುಡಿಯಿಂದ ಬ್ಯಾರೇಜ್ ತನಕ ಬಿಸಿಲಾಗ ಹೊತ್ತು ನಡೆದ್ರ ಖರೇ ಗೊತ್ತಾಗತೈತಿ. ಅಷ್ಟು ಬ್ಯಾಡ ಅಂದ್ರ ಮನ್ಯಾಗೇ ಮಾಡ್ರಿ. ಚೀಲ ಬಂದ ದಿನ ಚೀಟಿ ಕೀಳಬ್ಯಾಡ್ರಿ. ನಾಲ್ಕು ಕಿಲೋ ಜೋಳ ಗಂಟು ಕಟ್ಟಿ ಒಳಗ ಇಟ್ಟು, ಹುಡುಗಿ ಲಗ್ನಕ್ಕ ಉಡೋ ಅರಿವಿನೇ ಉಟ್ಟು ಅರ್ಧ ತಾಸು ತಿರುಗಾಡಲಿ, ಮಾಳಿಗಿ ಹತ್ತಿ ಇಳೀಲಿ, ಬಗ್ಗಿ ಏಳಲಿ. ಹೆಗಲು ಜೋಮು ಹಿಡಿದ್ರ, ಪಟ್ಟಿ ಕೊರೆದ್ರ ತಿರುಗಿ ಕಳಿಸ್ರಿ. ಅಣ್ಣನ ಬೆನ್ನಿಗೆ ಹೊಂದಿದ್ದು ತಂಗಿಗೆ ಹೊಂದತೈತಿ ಅಂತಲ್ಲ. ಬೆನ್ನಿನ ಉದ್ದ ಬ್ಯಾರೆ, ಹೆಗಲಿನ ಅಗಲ ಬ್ಯಾರೆ.

ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಸೀರಿ ಉಟ್ಟು, ಭಾರದ ಕ್ಯಾಮೆರಾ ಸಾಮಾನು ತಗೊಂಡು ದಿಲ್ಲಿಯಾಗ ಸೈಕಲ್ ಮ್ಯಾಲ ಓಡಾಡಿದಾಕಿ. 2011ರಾಗ ಪದ್ಮವಿಭೂಷಣ ಬಂತು. "ಆಕಿ ಹೊರಲಿಲ್ಲೇನು, ಇವರಿಗ್ಯಾಕ ನಾಜೂಕು" ಅಂತ ಕೇಳೋರು ಇರ್ತಾರ. ಆಕಿ ಪಟ್ಟ ಕಷ್ಟ ನಮ್ಮ ಹುಡುಗ್ಯಾರೂ ಪಡಲಿ ಅನ್ನೋದು ಯಾವ ನ್ಯಾಯ?

ಹಂಗಾಗಿ ಕ್ಯಾಮೆರಾಕ್ಕ ರೊಕ್ಕ ಕೂಡಿಸೋ ಮುಂದ ಚೀಲದ ರೊಕ್ಕನೂ ಅದರಾಗೇ ಹಿಡೀರಿ. ಚೀಲ ಆರಿಸಾಕ ಮಗಳ ಸಂಗಾಟ ನೀವೂ ಹೋಗ್ರಿ. ಲೆನ್ಸಿನ ಹೆಸರು ತಿಳಿದಿದ್ರೂ ನಡೀತೈತಿ. ಅಂಗಡಿಯವ ಅವಸರ ಮಾಡಿದ್ರೂ, ಪಟ್ಟಿ ಎಲುಬಿನ ಮ್ಯಾಲ ಕೂತೈತೋ ಇಲ್ಲೋ ಅಂತ ಕೈ ಹಚ್ಚಿ ನೋಡಿ, ಆಮ್ಯಾಲೆ ರೊಕ್ಕ ಎಣಿಸಿ ಕೊಡ್ರಿ.