ಬ್ರೇಕ್ ಪ್ಯಾಡ್ ಬದಲಿಸಲು ಗ್ಯಾರೇಜೇ ಆಗಬೇಕೆ?

ಕಾರಿನ ಮುಂಚಕ್ರಗಳ ಸವೆದ ಬ್ರೇಕ್ ಪ್ಯಾಡನ್ನು ಮನೆಯಂಗಳದಲ್ಲೇ ಬದಲಿಸಬಹುದು ಎಂದರೆ ಸಾಕು, ಹಲವರು ಹೌಹಾರುತ್ತಾರೆ. ಅವರ ಆಕ್ಷೇಪಗಳಲ್ಲಿ ಒಂದಷ್ಟು ಹುರುಳಿದೆ, ಉಳಿದದ್ದು ಬರೀ ಅಂಜಿಕೆ.

1. ‘ಬ್ರೇಕು ಪ್ರಾಣದ ವಿಷಯ, ಮೆಕ್ಯಾನಿಕ್ಕೇ ಮಾಡಲಿ.’

ಪ್ರಾಣದ ವಿಷಯವಾದ್ದರಿಂದಲೇ ಪ್ಯಾಡ್ ಎಷ್ಟು ಉಳಿದಿದೆ ಎಂಬುದು ಓಡಿಸುವವರಿಗೆ ಗೊತ್ತಿರಬೇಕು. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. ಅದು 3 ಮಿ.ಮೀ.ಗೆ ಇಳಿದರೆ ಬದಲಿಸುವ ಹೊತ್ತು ಬಂತೆಂದೇ ಲೆಕ್ಕ. ಅನೇಕ ಪ್ಯಾಡುಗಳಲ್ಲಿ ಉಕ್ಕಿನ ಪುಟ್ಟ ಪಟ್ಟಿಯೊಂದಿದ್ದು, ಸವೆತ ಮಿತಿಗೆ ಬಂದಾಗ ಡಿಸ್ಕಿಗೆ ತಾಗಿ ಕಿರ್ರೆನ್ನುತ್ತದೆ. ಆಮೇಲೂ ಓಡಿಸುತ್ತಿದ್ದರೆ ಲೋಹಕ್ಕೆ ಲೋಹ ಉಜ್ಜಿ ಡಿಸ್ಕೂ ಹಾಳು.

2. ‘ಬ್ರೇಕ್ ಲೈನಿಗೆ ಗಾಳಿ ಸೇರಿಬಿಡುತ್ತದೆ.’

ಪೈಪು ಬಿಚ್ಚಿದರೆ ಸೇರುತ್ತದೆ. ಈ ಕೆಲಸದಲ್ಲಿ ಅದನ್ನು ಬಿಚ್ಚುವುದೇ ಇಲ್ಲ. ಹಲವು ಸಣ್ಣ ಕಾರುಗಳಲ್ಲಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದು ಕ್ಯಾಲಿಪರನ್ನು ಮೇಲಕ್ಕೆತ್ತಿದರೆ ಹಳೆಯ ಪ್ಯಾಡು ಕೈಗೆ ಬರುತ್ತದೆ. ಕ್ಯಾಲಿಪರನ್ನೇ ಪೂರ್ತಿ ಕಳಚಿದಿರಾದರೆ ಹೋಸಿಗೆ ಜೋತಾಡಲು ಬಿಡದೆ ತಂತಿಯಲ್ಲಿ ಕಟ್ಟಿ ನಿಲ್ಲಿಸಿ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒಳಕ್ಕೆ ಒತ್ತಬೇಕು. ಆಗ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಅದು ಉಕ್ಕಿದರೆ ಪೇಂಟು ಕೆಡುತ್ತದೆ, ಕಣ್ಣಿಟ್ಟಿರಿ.

3. ‘ಜಾಕ್ ಜಾರಿದರೆ?’

ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. ಕಾರಿನ ಜೊತೆ ಬರುವ ಜಾಕು ಎತ್ತಲಿಕ್ಕಷ್ಟೇ, ಅದರ ಭರವಸೆಯಲ್ಲಿ ಕೆಲಸ ಮಾಡಲಿಕ್ಕಲ್ಲ. ನೆಲ ಗಟ್ಟಿಯಾಗಿ ಸಮತಟ್ಟಾಗಿರಲಿ, ಹಿಂಚಕ್ರಗಳಿಗೆ ಅಡ್ಡ ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಕಾರನ್ನು ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ. ಇಟ್ಟಿಗೆ ಪೇರಿಸಿ ನಿಲ್ಲಿಸುವವರಿಗೆ ಈ ಕೆಲಸ ಬೇಡವೇ ಬೇಡ.

4. ‘ಇಷ್ಟು ಒದ್ದಾಡಿ ಉಳಿಸುವುದೇನು?’

ಕೂಲಿಯ ದುಡ್ಡು ದೊಡ್ಡದಲ್ಲ, ಒಪ್ಪುತ್ತೇನೆ. ಲಾಭ ಇರುವುದು ನೋಡುವುದರಲ್ಲಿ. ಒಳಗಿನ ಪ್ಯಾಡು ಹೊರಗಿನದಕ್ಕಿಂತ ತೀರಾ ಹೆಚ್ಚು ಸವೆದಿದ್ದರೆ, ಕ್ಯಾಲಿಪರ್ ಜಾರುವ ಪಿನ್ನುಗಳು ಬಿಗಿದುಕೊಂಡಿರಬಹುದು. ಅವನ್ನು ಒರೆಸಿ, ಬ್ರೇಕಿಗೆಂದೇ ಸಿಗುವ ಗ್ರೀಸ್ ಸವರದಿದ್ದರೆ ಹೊಸ ಪ್ಯಾಡಿಗೂ ಅದೇ ಗತಿ. ಗಿರಾಕಿಗಳು ಸಾಲುಗಟ್ಟಿ ನಿಂತ ಗ್ಯಾರೇಜಿನಲ್ಲಿ ಇಂಥ ಕೆಲಸಕ್ಕೆ ಪುರುಸೊತ್ತು ಇರುವುದಿಲ್ಲ. ನಿಮಗೆ ಭಾನುವಾರದ ಇಡೀ ಬೆಳಗು ಇದೆ.

5. ‘ಹೊಸಬರು ಏನಾದರೂ ಮರೆತೇ ಮರೆಯುತ್ತಾರೆ.’

ಮರೆಯಬಾರದ್ದನ್ನು ಬರೆದಿಟ್ಟುಕೊಳ್ಳಲಿ. ಎಡಬಲ ಎರಡೂ ಚಕ್ರಗಳ ಪ್ಯಾಡನ್ನು ಒಟ್ಟಿಗೇ ಬದಲಿಸಬೇಕು. ಉಜ್ಜುವ ಮೈಗೆ ಗ್ರೀಸ್ ತಾಗಬಾರದು. ಬ್ರೇಕ್ ಧೂಳನ್ನು ಊದಬಾರದು. ವೀಲ್ ನಟ್ಟುಗಳನ್ನು ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಕಾರು ಕದಲಿಸುವ ಮುನ್ನ ಪೆಡಲನ್ನು ಹಲವು ಸಲ ತುಳಿಯಲೇಬೇಕು. ಹಿಂದಕ್ಕೆ ಒತ್ತಿದ ಪಿಸ್ಟನ್ ಪ್ಯಾಡಿಗೆ ಮುಟ್ಟುವವರೆಗೂ ಪೆಡಲು ತಳಕ್ಕಿಳಿಯುತ್ತದೆ, ಬ್ರೇಕು ಹಿಡಿಯುವುದಿಲ್ಲ.

ಎಲ್ಲವೂ ಮನೆಗೆಲಸವೆಂದು ನಾನು ವಾದಿಸುತ್ತಿಲ್ಲ. ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಅದು ತೆಳ್ಳಗಾಗಿದ್ದರೆ, ಪಿಸ್ಟನ್ ಸುತ್ತ ಆಯಿಲ್ ಜಿನುಗಿದ್ದರೆ, ಹಿಂಚಕ್ರಕ್ಕೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಬಲ್ಲವರಿಗೇ ಬಿಡಿ. ಇಷ್ಟೆಲ್ಲ ಆದ ಮೇಲೂ ಪೆಡಲು ಗಟ್ಟಿಯಾಗದಿದ್ದರೆ ಕಾರು ಗೇಟು ದಾಟಬಾರದು. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.