ಬೇಡವೆನಿಸಿದ ಗಿಡಗಳು

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಹತ್ತಿರದಲ್ಲಿರುವುದರ ಬೆಲೆಯನ್ನು ಮನುಷ್ಯನು ಅರಿಯನೆಂಬುದು ಇದರ ತಾತ್ಪರ್ಯ. ತೋಟ ಮಾಡುವವರ ಮನೋಧರ್ಮಕ್ಕೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ದೂರದೇಶದ ಗಿಡವೊಂದು ಚೆಲುವಾದ ಹೂ ಬಿಟ್ಟರೆ ಅವರು ಅದನ್ನು ಹಣ ಕೊಟ್ಟು ತಂದು ನೆಡುತ್ತಾರೆ. ತಾನಾಗಿಯೇ ಹುಟ್ಟಿದ ಗಿಡವನ್ನು ಕಳೆಯೆಂದು ಕಿತ್ತೆಸೆಯುತ್ತಾರೆ. ಯಾವುದನ್ನು ಬೆಳೆಸಬೇಕು, ಯಾವುದನ್ನು ನಿರಾಕರಿಸಬೇಕು ಎಂಬ ತೀರ್ಮಾನವನ್ನು ಕಣ್ಣಿಗೆ ಮಾತ್ರ ಒಪ್ಪಿಸಿದರೆ ಏನಾಗುತ್ತದೆಂಬುದು ಆಲೋಚಿಸಬೇಕಾದ ವಿಷಯ.

ಪಾಂಡವಪುರದ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವೆಡೆ ಬತ್ತ ಮತ್ತು ಕಬ್ಬು ಬೆಳೆಯುತ್ತವೆ. ಮಳೆಯನ್ನೇ ನಂಬಿದ ಬೆದ್ದಲು ಭೂಮಿಯಲ್ಲಿ ರಾಗಿ, ಹುರುಳಿಗಳು ಬೆಳೆಯುತ್ತವೆ. ಇಲ್ಲಿ ಯಾರೂ ನೆಡದಿದ್ದರೂ ದಾರಿಯ ಬದಿಯಲ್ಲಿ, ಬದುಗಳ ಮೇಲೆ ಕಾಣುವ ಗಿಡಗಳು ಹಲವು. ಎಕ್ಕ, ತುಂಬೆ, ಉಮ್ಮತ್ತಿಗಳು ಅಂಥವು. ರಥಸಪ್ತಮಿಯ ದಿನ ಎಕ್ಕದ ಎಲೆಗಳನ್ನು ಮೈಮೇಲಿಟ್ಟುಕೊಂಡು ಸ್ನಾನಮಾಡುವ ಸಂಪ್ರದಾಯವಿದೆ. ತುಂಬೆಯ ಹೂವು ಶಿವನಿಗೆ ಪ್ರಿಯವೆಂದು ಭಕ್ತರು ಹುಡುಕಿ ತರುತ್ತಾರೆ. ಆದರೂ ಇವುಗಳನ್ನು ಅಂಗಳದಲ್ಲಿ ಬೆಳೆಸಲು ಹೆಚ್ಚಿನವರು ಒಪ್ಪುವುದಿಲ್ಲ. ದೇವರ ಪೂಜೆಗೆ ಸಲ್ಲುವುದು ಮನೆಯ ತೋಟಕ್ಕೆ ಸಲ್ಲದಿರುವುದು ಸೋಜಿಗವಲ್ಲವೆ?

ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಉಮ್ಮತ್ತಿಯ ಕಾಯಿ ವಿಷ ಎಂದು ಕೆಲವರು ಕಾರಣ ಹೇಳಬಹುದು. ಅದು ನಿಜವೇ ಸರಿ. ಆದರೆ ಅಂಗಳದಲ್ಲಿ ಆದರದಿಂದ ಬೆಳೆಸುವ ಕಣಗಿಲೆಯೂ ಬೇರಿನಿಂದ ಹೂವಿನವರೆಗೆ ವಿಷವೇ. ಅದರ ಹೂವು ಚೆಲುವಾಗಿರುವುದರಿಂದ ಅದರ ವಿಷವನ್ನು ಯಾರೂ ಗಣಿಸುವುದಿಲ್ಲ. ಹೀಗೆ ನಿರಾಕರಣೆಗೆ ವಿಷವನ್ನು ಹೆಸರಿಸಿದರೂ ನಿಜವಾದ ಕಾರಣ ಅಭಿರುಚಿಯೇ ಆಗಿರುತ್ತದೆ.

ಹಳ್ಳಿಯ ಹೆಣ್ಣುಮಕ್ಕಳ ವಿವೇಕ ಇದಕ್ಕಿಂತ ಸೂಕ್ಷ್ಮವಾದುದು. ರಾಗಿಯ ಹೊಲದಲ್ಲಿ ಕಳೆ ಕೀಳುವಾಗ ಅವರು ಕಿತ್ತುದನ್ನೆಲ್ಲ ಬಿಸುಡುವುದಿಲ್ಲ. ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ ಮೊದಲಾದ ಸೊಪ್ಪುಗಳನ್ನು ಬೇರ್ಪಡಿಸಿ ಮಡಿಲಲ್ಲಿ ತುಂಬಿಕೊಳ್ಳುತ್ತಾರೆ. ಅಂದಿನ ಮುದ್ದೆಗೆ ಬೆರಕೆ ಸೊಪ್ಪಿನ ಸಾರು ಒದಗುವುದು ಹೀಗೆ. ಬೆಳೆಗೆ ಕಳೆಯಾದುದು ಊಟಕ್ಕೆ ಸೊಪ್ಪಾಯಿತು. ಕಳೆನಾಶಕ ಔಷಧಿಗೆ ಈ ವಿವೇಚನೆಯಿಲ್ಲ. ಅದನ್ನು ಸಿಂಪಡಿಸಿದ ಹೊಲದಲ್ಲಿ ಕಳೆಯೊಡನೆ ಸಾರಿನ ಸೊಪ್ಪೂ ಇಲ್ಲವಾಗುತ್ತದೆ.

ಇನ್ನು, ಕಣ್ಣು ಮೆಚ್ಚಿ ಬರಮಾಡಿಕೊಂಡ ಗಿಡಗಳ ಕಥೆಯನ್ನು ನೋಡಬಹುದು. ಅಮೆರಿಕ ಖಂಡದ ಉಷ್ಣಪ್ರದೇಶದ ಲಂಟಾನವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತದ ಉದ್ಯಾನಗಳಿಗೆ ಬಂದಿತು. ಬಣ್ಣ ಬದಲಿಸುವ ಅದರ ಹೂಗೊಂಚಲನ್ನು ಜನ ಮೆಚ್ಚಿದರು. ಬೇಲಿಗೂ ಅದನ್ನೇ ನೆಟ್ಟರು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಲ್ಲಿ ಅದರ ಪೊದೆ ದಟ್ಟವಾಗಿ ಹಬ್ಬಿದೆ. ಅದರ ಕೆಳಗೆ ಹುಲ್ಲು ಬೆಳೆಯದು. ಅದರ ಎಲೆ ದನಕರುಗಳಿಗೆ ವಿಷ. ಹುಲ್ಲು ತಿನ್ನುವ ಜಿಂಕೆ, ಕಾಟಿಗಳಿಗೆ ಮೇವು ಕಡಿಮೆಯಾದರೆ ಹುಲಿಗೂ ಆಹಾರ ಕಡಿಮೆಯಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯವಾಯಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆದು ಜೀವನೋಪಾಯ ಕಂಡುಕೊಂಡಿರುವುದು ಪ್ರಶಂಸನೀಯ. ಆದರೆ ಹಬ್ಬಿದ ಪೊದೆಯೆಲ್ಲ ಅಷ್ಟರಿಂದ ತೀರುವಂತಹುದಲ್ಲ.

ನೀರಿನಲ್ಲಿ ನಡೆದುದೂ ಇದೇ. ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್ ಎಂಬ ತೇಲುವ ಗಿಡವನ್ನು ಅದರ ತಿಳಿನೇರಳೆ ಹೂವಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು. ಅದು ನದಿ, ಹೊಂಡ, ಬತ್ತದ ಗದ್ದೆಗಳನ್ನೆಲ್ಲ ಆಕ್ರಮಿಸಿತು. ಅದನ್ನು ನಿರ್ಮೂಲಗೊಳಿಸಲು ಬಂಗಾಳ ಪ್ರಾಂತ್ಯವು 1936ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಕರ್ನಾಟಕದ ಕೆರೆಗಳಲ್ಲಿಯೂ ಅದು ಹರಡಿತು. ಒಂದು ತೊಟ್ಟಿಯ ಅಂದಕ್ಕಾಗಿ ತಂದ ಗಿಡವು ಕೆರೆಯನ್ನು ಸೇರಿದರೆ ನೀರಿನ ಮೇಲೆ ಹೊದಿಕೆಯಾಗುತ್ತದೆ. ಬೆಳಕೂ ಗಾಳಿಯೂ ಸಾಲದೆ ಮೀನುಗಳು ಸಾಯುತ್ತವೆ. ತೊಣ್ಣೂರಿನಂತಹ ಹಿರಿಯ ಕೆರೆಯನ್ನು ಪಡೆದ ಸೀಮೆಯವರು ಈ ಮಾತನ್ನು ಮರೆಯಲಾಗದು.

ಹಾಗೆಂದು ಪರದೇಶದ ಗಿಡಗಳೆಲ್ಲ ಕೆಟ್ಟವೆಂದು ಭಾವಿಸುವುದು ತಪ್ಪು. ಆಯುಧಪೂಜೆಗೆ ಬೇಕಾದ ಚೆಂಡುಹೂವು, ಸಾರಿಗೆ ಬೇಕಾದ ಮೆಣಸಿನಕಾಯಿ ಇವೆರಡೂ ಅಮೆರಿಕ ಖಂಡದಿಂದಲೇ ಬಂದವು. ಇವು ಮನುಷ್ಯನು ಬಿತ್ತಿದೆಡೆ ಬೆಳೆದು ಉಪಕಾರ ಮಾಡಿವೆ. ಆದುದರಿಂದ ಗಿಡದ ಹುಟ್ಟೂರನ್ನು ಕೇಳಿದರೆ ಸಾಲದು, ಅದರ ನಡತೆಯನ್ನು ವಿಚಾರಿಸಬೇಕು.

ಪಾರ್ಥೇನಿಯಂ ಇನ್ನೊಂದು ಪಾಠವನ್ನು ಕಲಿಸುತ್ತದೆ. ಇದು ಯಾರೂ ಅಂದಕ್ಕಾಗಿ ತಂದ ಗಿಡವಲ್ಲ. 1950ರ ದಶಕದಲ್ಲಿ ಪುಣೆಯ ಬಳಿ ಗೋಚರಿಸಿ ಮುಂದೆ ಕರ್ನಾಟಕವನ್ನೂ ವ್ಯಾಪಿಸಿತು. ಮೈಗೆ ತುರಿಕೆ, ಉಸಿರಿಗೆ ಉಬ್ಬಸ ತರುವ ಇದನ್ನು ಎಲ್ಲರೂ ದ್ವೇಷಿಸುತ್ತಾರೆ. 1984ರಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಗಿಡ ಅಳಿಯಲಿಲ್ಲ. ತನ್ನ ಅಂಗಳದ ಗಿಡವನ್ನು ಕಿತ್ತು ಬೇಲಿಯಾಚೆ ಎಸೆದವನು ತನ್ನ ಕೆಲಸ ಮುಗಿಯಿತೆಂದು ತಿಳಿಯುತ್ತಾನೆ. ಹೂ ಬಿಟ್ಟ ಮೇಲೆ ಎಸೆದ ಗಿಡದ ಬೀಜಗಳು ರಸ್ತೆಯ ಬದಿಯಲ್ಲಿ, ಗೋಮಾಳದಲ್ಲಿ ಮೊಳೆತು ಮರುವರ್ಷ ಅವನ ಅಂಗಳಕ್ಕೇ ಹಿಂದಿರುಗುತ್ತವೆ. ಎಲ್ಲರಿಗೂ ಸೇರಿದ ನೆಲವನ್ನು ಯಾರೂ ನೋಡಿಕೊಳ್ಳದಿದ್ದರೆ, ಎಲ್ಲರ ದ್ವೇಷವೂ ಸೇರಿ ಒಂದು ಗಿಡವನ್ನು ಅಳಿಸಲಾರದು.

ಗಿಡವೊಂದನ್ನು ನೆಡುವ ಮುನ್ನ ಅದರ ಬೀಜ ಎಲ್ಲಿಗೆ ಹೋಗುತ್ತದೆ, ದನಕರುಗಳಿಗೆ ಅದರಿಂದ ಕೇಡುಂಟೆ ಎಂದು ವಿಚಾರಿಸಬೇಕು. ಕೀಳುವ ಮುನ್ನ ಅದರಿಂದ ಯಾರಿಗೆ ಉಪಯೋಗವಿದೆಯೆಂದು ತಿಳಿಯಬೇಕು. ಎಕ್ಕದ ಗಿಡದಲ್ಲಿ ಚಿಟ್ಟೆ ಮೊಟ್ಟೆಯಿಡುತ್ತದೆ, ತುಂಬೆಯ ಹೂವಿನಲ್ಲಿ ಜೇನ್ನೊಣ ಮಧುವನ್ನು ಹೀರುತ್ತದೆ. ಶಾಲೆಯ ತೋಟದಲ್ಲಿ ಇಂತಹ ಗಿಡಗಳಿಗೂ ಒಂದು ಮೂಲೆಯನ್ನು ಬಿಟ್ಟುಕೊಡುವುದು ಕಷ್ಟವೇನಲ್ಲ. ಹಾಗೆಯೇ ಮಳೆಗಾಲದಲ್ಲಿ ಹೂ ಬಿಡುವ ಮೊದಲೇ ಶಾಲೆಯ ಸುತ್ತಲಿನ ಪಾರ್ಥೇನಿಯಂ ಗಿಡಗಳನ್ನು ಕೈಗೆ ಹೊದಿಕೆ ಧರಿಸಿ, ಹಿರಿಯರೊಡನೆ ಸೇರಿ ಕಿತ್ತು ಹಾಕುವುದೂ ಸಾಧ್ಯ. ತೋಟಗಾರಿಕೆಯೆಂಬುದು ಬೇಲಿಯ ಒಳಗಿನ ಕೆಲಸವೆಂದು ತೋರಿದರೂ ಅದರ ಫಲವನ್ನು ಉಣ್ಣುವವರು ಬೇಲಿಯ ಹೊರಗೂ ಇದ್ದಾರೆ.